ನಾನು ಎಸೆದ ಮೋಟು ಸಿಗರೇಟು

ಶಾಲೆಗಳು ಬಾಗಿಲು ತೆರೆಯುವ ಹೊತ್ತಿಗೇ ಮೇ 31ರ ವಿಶ್ವ ತಂಬಾಕುರಹಿತ ದಿನ ಬರುತ್ತದೆ. ಭಾಷಣ, ಪ್ರಬಂಧ ಸ್ಪರ್ಧೆ, ಸಾಮೂಹಿಕ ಪ್ರತಿಜ್ಞೆ. ಇಂತಹ ಭಾಷಣಗಳನ್ನು ನಾನೂ ಬಹಳ ಮಾಡಿದ್ದೇನೆ. ಅವನ್ನು ಕೇಳಿ ಒಬ್ಬ ಹುಡುಗನಾದರೂ ಬೀಡಿ ಬಿಟ್ಟಿರಬಹುದೆಂದು ಈಗ ನನಗೆ ನಂಬಿಕೆಯಿಲ್ಲ.

ನನ್ನದೊಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಸೇವೆಗೆ ಸೇರಿದ ಹೊಸದರಲ್ಲಿ ನಾನು ಸಿಗರೇಟು ಸೇದುತ್ತಿದ್ದೆ. ಮಧ್ಯಾಹ್ನದ ಬಿಡುವಿನಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬನನ್ನು ಪೆಟ್ಟಿಗೆ ಅಂಗಡಿಗೆ ಕಳುಹಿಸಿ ತರಿಸುತ್ತಿದ್ದೆ. ಅದನ್ನು ಗುರುಸೇವೆಯೆಂದೇ ಭಾವಿಸಿ ಅವನು ಓಡೋಡಿ ತರುತ್ತಿದ್ದ. ಎಷ್ಟೋ ವರ್ಷಗಳ ಮೇಲೆ ಮದುವೆಯೊಂದರಲ್ಲಿ ಸಿಕ್ಕವನು ಕೆಮ್ಮುತ್ತ, ನಗುತ್ತಲೇ ಹೇಳಿದ: “ನೀವು ಎಸೆದ ಮೋಟು ಸಿಗರೇಟನ್ನೇ ಸಾರ್, ನಾನು ಮೊದಲು ಸೇದಿದ್ದು.” ಮಾತಿನಲ್ಲಿ ದೂರಿರಲಿಲ್ಲ. ನಾನು ಆ ವೇಳೆಗೆ ಸಿಗರೇಟು ಬಿಟ್ಟು ಹತ್ತು ವರ್ಷವಾಗಿತ್ತು, ಅವನು ಬಿಟ್ಟಿರಲಿಲ್ಲ.

ಕಾನೂನುಗಳಿಗೇನೂ ಕೊರತೆಯಿಲ್ಲ. ವಿದ್ಯಾಸಂಸ್ಥೆಗಳ 100 ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕೇಂದ್ರ ಕಾಯಿದೆ ಹೇಳಿತು. 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಪಾನ್ ಮಸಾಲ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಅಂಗಡಿಗಳ ಮುಂದೆ ಜೋತಾಡಿದವು. 2025ರಲ್ಲಿ ಕರ್ನಾಟಕವು ತಂಬಾಕು ಕೊಳ್ಳುವ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು. ಇವೆಲ್ಲ ಬೇಕಾದವೇ. ಆದರೆ ಹೆತ್ತ ತಂದೆಯೇ ಮಗನ ಕೈಗೆ ಹಣವಿತ್ತು ಅಂಗಡಿಗೆ ಅಟ್ಟಿದರೆ ಯಾವ ಕಾನೂನು ತಡೆದೀತು?

ಮಕ್ಕಳನ್ನು ಕ್ಯಾನ್ಸರಿನ ಹೆಸರು ಹೇಳಿ ಬೆದರಿಸುತ್ತೇವೆ. ಹದಿಮೂರರ ಹುಡುಗನಿಗೆ ಐವತ್ತರ ರೋಗ ಬಹುದೂರದ ಮಾತು. ಅದರ ಬದಲು ಚಟ ಹಿಡಿಯುವ ಬಗೆಯನ್ನು ತಿಳಿಸಿರಿ. ಹೊಗೆಯೊಡನೆ ಒಳಹೊಕ್ಕ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮೆದುಳನ್ನು ಮುಟ್ಟುತ್ತದೆ. ಬೆಳೆಯುತ್ತಿರುವ ಮೆದುಳು ಅದಕ್ಕೆ ಬೇಗ ಒಗ್ಗಿ, ಮತ್ತೆ ಮತ್ತೆ ಬೇಡುತ್ತದೆ. ಸೇದುವ ತಂದೆಯು “ನಾನು ಇದರಲ್ಲಿ ಸಿಕ್ಕಿಕೊಂಡಿದ್ದೇನೆ, ಬಿಡಲು ಹೆಣಗುತ್ತಿದ್ದೇನೆ” ಎಂದು ಮಗನೆದುರು ಒಪ್ಪಿಕೊಳ್ಳಲಿ. ಗೌರವ ಕುಂದುತ್ತದೆಂಬ ಅಂಜಿಕೆ ಬೇಡ. ಮಕ್ಕಳು ಎಲ್ಲವನ್ನೂ ಬಲ್ಲರು. ಸೇದಿ ಸಿಕ್ಕಿಬಿದ್ದ ಮಗುವನ್ನು ಹೊಡೆಯಲೂಬೇಡಿ. ಹೊಡೆತದಿಂದ ಅದು ಕಲಿಯುವುದು ಮುಚ್ಚಿಡುವುದನ್ನು ಮಾತ್ರ. ಬಿಡಲು ನೆರವು ಬೇಕಾದವರಿಗೆ ಸಿಗರೇಟು ಪ್ಯಾಕಿನ ಮೇಲೆಯೇ ಅಚ್ಚಾಗಿರುವ 1800-11-2356 ಎಂಬ ಉಚಿತ ದೂರವಾಣಿ ಸಂಖ್ಯೆಯಿದೆ.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ತಂದೆತಾಯಿಯರು, ಕೆಲವರು ಶಿಕ್ಷಕರು. ಮಗುವೊಂದನ್ನು ಅಂಗಡಿಗೆ ಕಳುಹಿಸಲು ಜೇಬಿಗೆ ಕೈಹಾಕುವ ಮುನ್ನ ನಿಮ್ಮ ಮೇಷ್ಟ್ರ ಈ ತಪ್ಪು ನಿಮಗೆ ನೆನಪಾಗಲಿ.