ಆಟದ ಇಟ್ಟಿಗೆಯೂ ಅಳತೆಯ ನಿಷ್ಠೆಯೂ

ಮಕ್ಕಳ ಆಟಿಕೆಯ ಮಾತಿಗೆ ವಿಜ್ಞಾನದ ಪತ್ರಿಕೆಯಲ್ಲಿ ಸ್ಥಳವೆಲ್ಲಿ ಎಂದು ವಾಚಕರು ಕೇಳಬಹುದು. ಆಟಿಕೆಯೆಂದರೆ ಕ್ಷುಲ್ಲಕ ವಸ್ತು, ಅದರ ವ್ಯಾಪಾರವೆಂದರೆ ಜಾಹೀರಾತಿನ ಕೈಚಳಕ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಡೆನ್ಮಾರ್ಕ್ ದೇಶದ ಲೆಗೋ ಕಂಪನಿಯ ಕಥೆಯನ್ನು ತುಸು ವಿಚಾರಿಸಿ ನೋಡಿದವರಿಗೆ ಈ ಭಾವನೆ ಸಡಿಲವಾಗದೆ ಇರದು. ಒಂದು ಸಣ್ಣ ಊರಿನ ಬಡಗಿಯ ಕಾರ್ಖಾನೆ ಜಗತ್ತಿನ ಆಟಿಕೆಯ ಉದ್ಯಮದಲ್ಲಿ ಮೊದಲನೆಯ ಸ್ಥಾನಕ್ಕೆ ಏರಿದುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದುದು ಅಳತೆಯ ವಿಷಯದಲ್ಲಿ ಅದು ತೋರಿದ ನಿಷ್ಠೆಯೆಂದು ನಾನು ಭಾವಿಸುತ್ತೇನೆ. ಭೌತಶಾಸ್ತ್ರವನ್ನು ಬೋಧಿಸುವ ನನಗೂ, ಕಲಿಯುವ ನನ್ನ ವಿದ್ಯಾರ್ಥಿಗಳಿಗೂ ಇದರಲ್ಲಿ ಒಂದು ಪಾಠವಿದೆ.

ಓಲೆ ಕಿರ್ಕ್ ಕ್ರಿಸ್ತಿಯಾನ್ಸೆನ್ ಎಂಬ ಬಡಗಿ 1916ರಲ್ಲಿ ಬಿಲುಂಡ್ ಎಂಬ ಊರಿನಲ್ಲಿ ಒಂದು ಮರಗೆಲಸದ ಅಂಗಡಿಯನ್ನು ಕೊಂಡನು. ಆರ್ಥಿಕ ಮುಗ್ಗಟ್ಟಿನಿಂದ ಮನೆ ಕಟ್ಟಿಸುವವರೇ ಇಲ್ಲದಂತಾದಾಗ, 1932ರಲ್ಲಿ, ಆತನು ಮರದ ಆಟಿಕೆಗಳನ್ನು ಮಾಡತೊಡಗಿದನು. 1934ರಲ್ಲಿ ತನ್ನ ಉದ್ಯಮಕ್ಕೆ ಲೆಗೋ ಎಂದು ಹೆಸರಿಟ್ಟನು. ಡೇನಿಷ್ ಭಾಷೆಯಲ್ಲಿ ‘ಚೆನ್ನಾಗಿ ಆಡು’ ಎಂಬರ್ಥದ ಎರಡು ಪದಗಳನ್ನು ಕೂಡಿಸಿದ ಹೆಸರು ಅದು. ಆತನ ವಿಷಯವಾಗಿ ಕಂಪನಿಯವರು ಹೇಳಿಕೊಂಡು ಬಂದಿರುವ ಒಂದು ಪ್ರಸಂಗವುಂಟು. ಮಗ ಗಾಟ್‌ಫ್ರೆಡ್ ಒಮ್ಮೆ ಮರದ ಬಾತುಕೋಳಿಗಳಿಗೆ ಮೂರರ ಬದಲು ಎರಡೇ ಸಲ ವಾರ್ನಿಷ್ ಬಳಿದು, ಹಣ ಉಳಿಸಿದೆನೆಂದು ಹಿಗ್ಗಿ ಬಂದನಂತೆ. ತಂದೆ ಆ ಪೆಟ್ಟಿಗೆಗಳನ್ನು ರೈಲು ನಿಲ್ದಾಣದಿಂದ ಹಿಂದಕ್ಕೆ ತರಿಸಿ, ಮೂರನೆಯ ಲೇಪವನ್ನು ಮಗನ ಕೈಯಲ್ಲೇ ಹಾಕಿಸಿದನಂತೆ.

1946ರಲ್ಲಿ ಕಂಪನಿ ಪ್ಲಾಸ್ಟಿಕ್ಕನ್ನು ಕರಗಿಸಿ ಅಚ್ಚಿಗೆ ಒತ್ತಿ ತುಂಬುವ ಯಂತ್ರವನ್ನು ಕೊಂಡಿತು. 1949ರಲ್ಲಿ ಮೊದಲ ಪ್ಲಾಸ್ಟಿಕ್ ಇಟ್ಟಿಗೆಗಳು ಹೊರಬಂದವು. ಇಲ್ಲಿ ಒಂದು ಸಂಗತಿಯನ್ನು ಮರೆಮಾಚಬಾರದು. ಇಟ್ಟಿಗೆಯ ಮೂಲ ಕಲ್ಪನೆ ಲೆಗೋದವರದಲ್ಲ. ಇಂಗ್ಲೆಂಡಿನ ಹಿಲರಿ ಪೇಜ್ ಎಂಬವನು ಕಿಡ್ಡಿಕ್ರಾಫ್ಟ್ ಹೆಸರಿನಲ್ಲಿ ಮೊದಲೇ ತಯಾರಿಸಿದ್ದ ಇಟ್ಟಿಗೆಯ ಮಾದರಿಯನ್ನು ಅವರು ಅನುಸರಿಸಿದರು. ಕಲ್ಪನೆಯೊಂದೇ ಸಾಲುವುದಾಗಿದ್ದರೆ ಜಗತ್ತಿನ ಅಗ್ರಸ್ಥಾನ ಪೇಜನಿಗೆ ಸಲ್ಲಬೇಕಾಗಿತ್ತಲ್ಲವೆ?

ಆ ಮೊದಲ ಇಟ್ಟಿಗೆಗಳ ಕೆಳಭಾಗ ಪೊಳ್ಳು. ಒಂದರ ಮೇಲೊಂದನ್ನು ಇಡಬಹುದಾಗಿತ್ತು; ಆದರೆ ಹಿಡಿತ ಸಾಲದು, ಕಟ್ಟಿದ ಗೋಡೆ ತಟ್ಟಿದರೆ ಬೀಳುತ್ತಿತ್ತು. 1958ರ ಜನವರಿ 28ರಂದು ಗಾಟ್‌ಫ್ರೆಡ್ ಪೇಟೆಂಟಿಗೆ ಸಲ್ಲಿಸಿದ ಹೊಸ ರಚನೆಯಲ್ಲಿ ಇಟ್ಟಿಗೆಯ ಒಳಗೆ ಟೊಳ್ಳು ಕೊಳವೆಗಳಿದ್ದವು. ಎಂಟು ಗುಬಟುಗಳ ಇಟ್ಟಿಗೆಯೊಂದನ್ನು ಇನ್ನೊಂದರ ಮೇಲೆ ಸರಿಯಾಗಿ ಒತ್ತಿದಾಗ, ಕೆಳಗಿನ ಪ್ರತಿಯೊಂದು ಗುಬಟನ್ನೂ ಮೇಲಿನ ಇಟ್ಟಿಗೆಯ ಗೋಡೆಗಳೂ ಕೊಳವೆಗಳೂ ಸೇರಿ ಮೂರು ಕಡೆಯಿಂದ ಹಿಡಿಯುತ್ತವೆ. ಪ್ಲಾಸ್ಟಿಕ್ ಕೂದಲೆಳೆಯಷ್ಟು ಬಾಗುತ್ತದೆ, ಮತ್ತೆ ಮೊದಲಿನ ಆಕಾರಕ್ಕೆ ಬರಲು ಹವಣಿಸುತ್ತದೆ. ಈ ಸ್ಥಿತಿಸ್ಥಾಪಕತ್ವದಿಂದ ಹುಟ್ಟಿದ ಒತ್ತಡವೂ ಅದರಿಂದುಂಟಾದ ಘರ್ಷಣೆಯೂ ಇಟ್ಟಿಗೆಗಳನ್ನು ಬಿಡದಂತೆ ಕೂಡಿಸುತ್ತವೆ. ಹುಕ್ಕನ ನಿಯಮದಂತೆ ಬಾಗು ಹೆಚ್ಚಿದಷ್ಟೂ ಒತ್ತಡ ಹೆಚ್ಚು. ಬಾಗು ಅತ್ಯಲ್ಪವಾದುದರಿಂದ ಅಳತೆಯಲ್ಲಿ ಅಣುಮಾತ್ರ ತಪ್ಪಿದರೂ ಹಿಡಿತ ಬಹಳ ವ್ಯತ್ಯಾಸವಾಗುತ್ತದೆ. ಗುಬಟು ತುಸು ದಪ್ಪವಾದರೆ ಮಗುವಿನ ಕೈಗೆ ಇಟ್ಟಿಗೆ ಬಿಡಿಸಲು ಬಾರದು. ತುಸು ತೆಳುವಾದರೆ ಗೋಪುರ ನಿಲ್ಲದು.

ಆದುದರಿಂದಲೇ ಅಚ್ಚುಗಳನ್ನು ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದೊಳಗಿನ ನಿಖರತೆಯಿಂದ ಮಾಡುತ್ತಾರೆ. ನಮ್ಮ ಕಾಲೇಜಿನ ಸ್ಕ್ರೂಗೇಜು ತೋರಿಸಬಲ್ಲ ಅತಿ ಸಣ್ಣ ಅಳತೆಯೂ ಇಷ್ಟೆ. ಮೊದಲು ಬಳಸುತ್ತಿದ್ದ ಸೆಲ್ಯುಲೋಸ್ ಅಸಿಟೇಟ್ ಕಾಲಕ್ರಮದಲ್ಲಿ ಸೊಟ್ಟಗಾಗುತ್ತಿದ್ದುದರಿಂದ, 1963ರಿಂದ ಅಳತೆಗೆಡದ ಎ.ಬಿ.ಎಸ್. ಎಂಬ ಪ್ಲಾಸ್ಟಿಕ್ಕನ್ನು ಬಳಸತೊಡಗಿದರು.

ಇಷ್ಟು ಸೂಕ್ಷ್ಮತೆ ಆಟಿಕೆಗೇಕೆ? ಒಂದು ಚಿಕ್ಕ ಲೆಕ್ಕ ಮಾಡಿ ನೋಡೋಣ. ಇಟ್ಟಿಗೆಯ ಎತ್ತರ 9.6 ಮಿಲಿಮೀಟರು. ನೂರು ಇಟ್ಟಿಗೆಗಳ ಎರಡು ಕಂಬಗಳನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿದೆವೆನ್ನಿ. ಒಂದು ಕಂಬದ ಪ್ರತಿ ಇಟ್ಟಿಗೆಯಲ್ಲೂ 0.05 ಮಿಲಿಮೀಟರು ಹೆಚ್ಚಿದ್ದರೆ, ತುದಿ ಮುಟ್ಟುವ ವೇಳೆಗೆ ವ್ಯತ್ಯಾಸ 5 ಮಿಲಿಮೀಟರು, ಅಂದರೆ ಅರ್ಧ ಇಟ್ಟಿಗೆಗಿಂತ ಹೆಚ್ಚು! ಮೇಲೆ ಎರಡು ಕಂಬಗಳಿಗೂ ಅಡ್ಡಲಾಗಿ ತೊಲೆ ಕೂರಿಸುವುದು ಅಸಾಧ್ಯ. ಒಂದರಲ್ಲಿ ಕಣ್ಣಿಗೆ ಕಾಣದ ತಪ್ಪು ನೂರರಲ್ಲಿ ಬಯಲಾಗುತ್ತದೆ.

ಈ ಕಟ್ಟುನಿಟ್ಟಿನ ಫಲವೇ ಸ್ವಾತಂತ್ರ್ಯ. 1958ರ ಇಟ್ಟಿಗೆ ಈ ಹೊತ್ತಿನ ಇಟ್ಟಿಗೆಗೆ ಹೊಂದಿಕೊಳ್ಳುತ್ತದೆ. ಅಜ್ಜನ ಪೆಟ್ಟಿಗೆ ಮೊಮ್ಮಗನ ಪೆಟ್ಟಿಗೆಯೊಡನೆ ಬೆರೆಯುತ್ತದೆ. ಎಂಟು ಗುಬಟುಗಳ ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು 24 ವಿಧವಾಗಿ ಜೋಡಿಸಬಹುದು. ಮೂರನ್ನು 1,060 ವಿಧವಾಗಿ. ಆರು ಇಟ್ಟಿಗೆಗಳಾದರೆ, ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದ ಗಣಿತಜ್ಞ ಸೋರೆನ್ ಐಲರ್ಸ್ ಗಣಕಯಂತ್ರದಿಂದ ಎಣಿಸಿದಂತೆ, 91,51,03,765 ವಿಧಗಳು. ಕಟ್ಟುಪಾಡು ಕಲ್ಪನೆಯನ್ನು ಕೊಲ್ಲುತ್ತದೆ ಎನ್ನುವವರು ಈ ಸಂಖ್ಯೆಯನ್ನು ಗಮನಿಸಬೇಕು.

ಲೆಗೋದ ಹಾದಿ ಸದಾ ಹೂವಿನದಾಗಿರಲಿಲ್ಲ. 2003 ಮತ್ತು 2004ರಲ್ಲಿ ಕಂಪನಿ ಭಾರಿ ನಷ್ಟವನ್ನು ಕಂಡಿತು. ಇಟ್ಟಿಗೆಯನ್ನು ಬಿಟ್ಟು ಉದ್ಯಾನ, ಉಡುಪು, ವಿಡಿಯೋ ಆಟ ಎಂದು ಹತ್ತು ಕಡೆ ಕೈಚಾಚಿತ್ತು. ಬಿಡಿಭಾಗಗಳ ವಿಧಗಳೂ ಮಿತಿಮೀರಿ ಬೆಳೆದಿದ್ದವು. 2004ರಲ್ಲಿ ಮುಖ್ಯಾಧಿಕಾರಿಯಾಗಿ ಬಂದ ಯೋರ್ಗೆನ್ ವಿಗ್ ಕ್ನೂಡ್‌ಸ್ಟಾರ್ಪ್ ಭಾಗಗಳ ಸಂಖ್ಯೆಯನ್ನು ತಗ್ಗಿಸಿ, ಉದ್ಯಮವನ್ನು ಮತ್ತೆ ಇಟ್ಟಿಗೆಯ ಕಡೆಗೆ ತಿರುಗಿಸಿದನು. ಆ ವೇಳೆಗೆ ಮೂಲ ಪೇಟೆಂಟಿನ ಅವಧಿ ತೀರಿ ಯಾರು ಬೇಕಾದರೂ ಅಂಥ ಇಟ್ಟಿಗೆ ಮಾಡಬಹುದಾಗಿತ್ತು. ಇಟ್ಟಿಗೆಯ ಆಕಾರವನ್ನು ತನ್ನ ವ್ಯಾಪಾರಚಿಹ್ನೆಯೆಂದು ಕಾಯ್ದುಕೊಳ್ಳುವ ಅದರ ಯತ್ನವನ್ನು ಐರೋಪ್ಯ ಒಕ್ಕೂಟದ ನ್ಯಾಯಾಲಯ 2010ರಲ್ಲಿ ತಳ್ಳಿಹಾಕಿತು. ಆದರೂ 2014ರ ಮೊದಲ ಆರು ತಿಂಗಳ ಮಾರಾಟದಲ್ಲಿ ಲೆಗೋ ಅಮೆರಿಕದ ಮ್ಯಾಟೆಲ್ ಕಂಪನಿಯನ್ನು ಹಿಂದೆ ಹಾಕಿ ಮೊದಲನೆಯದಾಯಿತು. 2024ರಲ್ಲಿ ಅದರ ಮಾರಾಟ 7,430 ಕೋಟಿ ಡೇನಿಷ್ ಕ್ರೋನರ್.

ಇದೆಲ್ಲ ಅಳತೆಯೊಂದರಿಂದಲೇ ಆಯಿತೆಂದರೆ ಅತಿಶಯೋಕ್ತಿಯಾದೀತು. 1999ರಲ್ಲಿ ‘ಸ್ಟಾರ್ ವಾರ್ಸ್’ ಚಲನಚಿತ್ರದ ಹೆಸರನ್ನು ಪಡೆದುದು, 2014ರಲ್ಲಿ ತನ್ನದೇ ಚಲನಚಿತ್ರ ತೆರೆಕಂಡುದು, ಇವೂ ನೆರವಾದುವು. ಬೆಲೆ ದುಬಾರಿ, ನಮ್ಮ ನಾಡಿನ ಬಹುಪಾಲು ಮಕ್ಕಳಿಗೆ ಅದು ಕೈಗೆಟುಕದು. ಪ್ಲಾಸ್ಟಿಕ್ಕಿನ ಕೆಡುಕೂ ಉಂಟು. ಇವನ್ನೆಲ್ಲ ಒಪ್ಪುತ್ತೇನೆ. ಆದರೆ ಚಲನಚಿತ್ರದ ಹೆಸರನ್ನು ಹಣ ಕೊಟ್ಟು ಪಡೆಯಬಹುದು. ವರ್ಷಾನುವರ್ಷ ಕೋಟಿಗಟ್ಟಲೆ ಇಟ್ಟಿಗೆಗಳಲ್ಲಿ ಒಂದೇ ಅಳತೆಯನ್ನು ಕಾಯ್ದುಕೊಳ್ಳುವ ಅಭ್ಯಾಸವನ್ನು ಹಾಗೆ ಕೊಳ್ಳಲಾಗದು.

ಈಗ ನಮ್ಮ ಮನೆಯ ಮಾತು. ನಮ್ಮ ಪ್ರಯೋಗಶಾಲೆಗಳಲ್ಲಿ ಲೋಲಕದ ಪ್ರಯೋಗ ಹೇಗೆ ನಡೆಯುತ್ತದೆಂಬುದನ್ನು ಅಧ್ಯಾಪಕರೆಲ್ಲ ಬಲ್ಲರು. ಗುರುತ್ವ ವೇಗೋತ್ಕರ್ಷ 9.8 ಬರಬೇಕೆಂದು ವಿದ್ಯಾರ್ಥಿಗೆ ಮೊದಲೇ ಗೊತ್ತು. ಆತನು ಲೆಕ್ಕವನ್ನು ಹಿಂದಿನಿಂದ ಮಾಡಿ, ಅದಕ್ಕೆ ಒಪ್ಪುವ ಆಂದೋಲನ ಕಾಲವನ್ನು ಬರೆದಿಡುತ್ತಾನೆ. ಪರೀಕ್ಷೆಯಲ್ಲಿ 9.8 ಬಂದವನಿಗೆ ಪೂರ್ಣಾಂಕ. ಪ್ರಾಮಾಣಿಕವಾಗಿ ಅಳೆದು 9.5 ಪಡೆದವನಿಗೆ ಕಡಿಮೆ. ವಿದ್ಯಾರ್ಥಿಯನ್ನು ಮಾತ್ರ ದೂರಿ ಫಲವಿಲ್ಲ. ನಾನೂ ವಿದ್ಯಾರ್ಥಿಯಾಗಿದ್ದಾಗ ಹೀಗೆಯೇ ಮಾಡಿದೆ. ಅಧ್ಯಾಪಕನಾದ ಮೇಲೆ, ತಿಳಿದೂ ತಿಳಿದೂ, ಅಂಥ ದಾಖಲೆ ಪುಸ್ತಕಗಳಿಗೆ ರುಜು ಹಾಕಿದ್ದೇನೆ. ಎರಡೇ ಸಲ ವಾರ್ನಿಷ್ ಬಳಿದ ಬಾತುಕೋಳಿಗಳನ್ನು ರೈಲಿಗೆ ಹತ್ತಿಸಿದವರು ನಾವೇ.

ಹೀಗೆ ಕಲಿತವರೇ ಮುಂದೆ ಸೇತುವೆ ಕಟ್ಟುವವರು, ಔಷಧ ತೂಗುವವರು. ಒಂದರಲ್ಲಿ ಕಾಣದ ತಪ್ಪು ನೂರರಲ್ಲಿ ಬಯಲಾಗುವುದು ಆಟದ ಕಂಬಕ್ಕೆ ಮಾತ್ರ ಸಲ್ಲುವ ನಿಯಮವಲ್ಲ. ದೊಡ್ಡ ಉಪಕರಣಗಳಿಲ್ಲವೆಂದು ನಾವು ಕೊರಗುತ್ತೇವೆ. ಇರುವ ಸ್ಕ್ರೂಗೇಜಿನಿಂದ ಕಂಡದ್ದನ್ನು ಕಂಡಂತೆ ಬರೆಯುವುದಕ್ಕೆ ಯಾವ ಉಪಕರಣದ ಕೊರತೆಯಿದೆ? ಪರೀಕ್ಷಕರು ಉತ್ತರಕ್ಕೆ ಕೊಡುವ ಅಂಕಗಳನ್ನು ಅಳತೆಗೂ, ಅದರಲ್ಲಿರಬಹುದಾದ ತಪ್ಪಿನ ವಿಚಾರಣೆಗೂ ಕೊಡಲಿ. ಈ ವರ್ಷ ನನ್ನ ತರಗತಿಯಲ್ಲಿ 9.5 ಎಂದು ಬರೆದು ತಂದ ಹುಡುಗಿಯ ಪುಸ್ತಕಕ್ಕೆ ಪೂರ್ಣಾಂಕ ಹಾಕಿದೆ. ಉಳಿದವರನ್ನು ಮತ್ತೆ ಲೋಲಕದ ಬಳಿಗೆ ಕಳುಹಿಸಿದ್ದೇನೆ.