ಗುರುಗ್ರಾಮ ಒಬ್ಬರ ಸೃಷ್ಟಿಯಲ್ಲ

ಡಿ.ಎಲ್.ಎಫ್. ಎಂಬ ರಿಯಲ್ ಎಸ್ಟೇಟ್ ಸಂಸ್ಥೆಯ ಕುಶಾಲ್ ಪಾಲ್ ಸಿಂಗ್ ಅವರು ಸರ್ಕಾರದ ಹಂಗಿಲ್ಲದೆ, ಕೇವಲ ದೂರದೃಷ್ಟಿಯಿಂದ ದೆಹಲಿ ಪಕ್ಕದ ಗುರುಗ್ರಾಮವನ್ನು ಕಟ್ಟಿದರೆಂದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಪ್ರಕಟವಾಗುವ ವಾದವನ್ನು ಒಪ್ಪಲಾಗದು. 1957ರ ದೆಹಲಿ ಅಭಿವೃದ್ಧಿ ಕಾಯಿದೆಯ ನಂತರ ದೆಹಲಿಯಲ್ಲಿ ಖಾಸಗಿ ಬಡಾವಣೆಗಳ ಹಾದಿ ಮುಚ್ಚಿದಾಗ ಸಂಸ್ಥೆಗೆ ಹರಿಯಾಣದಲ್ಲಿ ಬಾಗಿಲು ತೆರೆದದ್ದು, ಕೃಷಿಭೂಮಿಯನ್ನು ಬಡಾವಣೆಯಾಗಿಸುವ ಪರವಾನಗಿಯನ್ನು ಖಾಸಗಿಯವರಿಗೂ ನೀಡಲು ಅವಕಾಶ ಕೊಟ್ಟ 1975ರ ರಾಜ್ಯ ಕಾಯಿದೆ. ರೈತರ ವಿಶ್ವಾಸ ಗಳಿಸಿ ಹೊಲಗಳನ್ನು ಕೊಂಡ ಸಿಂಗ್ ಅವರ ಶ್ರಮ ನಿಜವಾದದ್ದು, ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಮುಂದೆ ಪ್ರಧಾನಿಯಾದ ರಾಜೀವ್ ಗಾಂಧಿಯವರೊಡನೆ ನಡೆದ ಆಕಸ್ಮಿಕ ಭೇಟಿಯ ಮಹತ್ವವನ್ನು ಅವರೇ ಆತ್ಮಕಥೆಯಲ್ಲಿ ವಿವರಿಸಿರುವಾಗ ಅಭಿಮಾನಿಗಳು ಪ್ರಭುತ್ವದ ಪಾತ್ರವನ್ನು ಅಳಿಸುವುದೇಕೆ? 1999ರಲ್ಲಿ ತೆರೆದ, ಗಾಲ್ಫ್ ಆಟಗಾರ ಆರ್ನಾಲ್ಡ್ ಪಾಮರ್ ವಿನ್ಯಾಸದ ಡಿ.ಎಲ್.ಎಫ್. ಗಾಲ್ಫ್ ಮೈದಾನವನ್ನು ಹೊಗಳುವವರು, ಅದೇ ಊರಿಗೆ ಮಹಾನಗರ ಪಾಲಿಕೆ ಬಂದದ್ದು 2008ರಲ್ಲಿ ಎಂಬುದನ್ನೂ, ಇಂದಿಗೂ ಜೋರು ಮಳೆಗೆ ರಸ್ತೆಗಳು ಮುಳುಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದಾನಿಯ ಹೆಸರನ್ನು ಮತದಾರರಿಂದ ಮರೆಮಾಡುತ್ತಿದ್ದ ಚುನಾವಣಾ ಬಾಂಡ್ ಯೋಜನೆಯನ್ನು 2024ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿದ ಮೇಲೆ, ಡಿ.ಎಲ್.ಎಫ್. ಸಮೂಹ ಸುಮಾರು 170 ಕೋಟಿ ರೂಪಾಯಿಯನ್ನು ಭಾರತೀಯ ಜನತಾ ಪಕ್ಷಕ್ಕೆ ನೀಡಿದ್ದು ಬೆಳಕಿಗೆ ಬಂತು. ಆ ದೇಣಿಗೆ ಆಗ ಕಾನೂನುಬದ್ಧವೇ ಆಗಿತ್ತು. ಆದರೂ ರಾಜಕಾರಣದಿಂದ ದೂರ ನಿಂತ ಉದ್ಯಮದ ಚಿತ್ರಕ್ಕೆ ಅದು ಹೊಂದುವುದಿಲ್ಲ.