ಎಸೆದ ಚೆಂಡು, ಎಸೆಯದ ಚೆಂಡು

ಶಬ್ದಮಂಜರಿಯನ್ನೂ ಅಮರಕೋಶವನ್ನೂ ಪಾಠ ಹೇಳುತ್ತ ತಲೆ ನರೆಸಿಕೊಂಡ ನಾವು ಈ ತಿಂಗಳು ಕ್ರಿಕೆಟ್ ಆಟದ ವಿಷಯವನ್ನೇಕೆ ಎತ್ತಿಕೊಂಡೆವೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಅದಕ್ಕೆ ನಮ್ಮ ಸಮಾಧಾನವಿಷ್ಟೆ: ಗೃಹಸ್ಥರ ಮನೆಗಳಲ್ಲಿ ಯಾವ ಮಾತು ಹಗಲಿರುಳೂ ನಡೆಯುತ್ತಿರುವುದೋ ಅದರಲ್ಲಿ ಸಾರವೇನಾದರೂ ಉಂಟೇ ಎಂದು ಸೋಸಿ ನೋಡುವುದು ಈ ಪುಟಗಳ ವಾಡಿಕೆ. ತಂದೆಮಕ್ಕಳು ಜೊತೆಯಾಗಿ ಕುಳಿತು ಚರ್ಚಿಸುವ ವಿಷಯಗಳು ಈಗ ಬಹಳ ಉಳಿದಿಲ್ಲ. ಉಳಿದಿರುವವುಗಳಲ್ಲಿ ಈ ಆಟವೂ ಒಂದು. ಆ ಚರ್ಚೆಯಲ್ಲಿ ಒಂದಲ್ಲ ಒಂದು ದಿನ ಏಳುವ ಪ್ರಶ್ನೆ ಯಾವುದೆಂದರೆ, ಇದುವರೆಗೆ ಎಸೆದ ಚೆಂಡುಗಳಲ್ಲೆಲ್ಲ ಮರೆಯಲಾಗದ ಚೆಂಡು ಯಾವುದು ಎಂಬುದು.

ಚೆಂಡಿನ ತೂಕ ಸುಮಾರು 160 ಗ್ರಾಂ. ಈ ಕೊನೆಯ ಗೂಟಗಳಿಗೂ ಆ ಕೊನೆಯ ಗೂಟಗಳಿಗೂ ನಡುವಣ ದೂರ 22 ಗಜ. ವೇಗದ ಬೌಲರನ ಕೈಯಿಂದ ಹೊರಟ ಚೆಂಡು ದಾಂಡಿಗನನ್ನು ಮುಟ್ಟುವುದಕ್ಕೆ ಅರ್ಧ ಸೆಕೆಂಡು ಸಾಕು. ಹದಿನೆಂಟು ನಿಮೇಷಗಳಾದರೆ ಒಂದು ಕಾಷ್ಠೆಯೆಂದು ಅಮರಸಿಂಹನು ಕಾಲದ ಲೆಕ್ಕವನ್ನು ಹೇಳಿದ್ದಾನೆ. ಈ ಚೆಂಡಿನ ಆಯುಸ್ಸಾದರೋ ಒಂದೆರಡು ನಿಮೇಷ ಮಾತ್ರ. ಐದು ದಿನಗಳ ಒಂದು ಪಂದ್ಯದಲ್ಲಿ ಇಂತಹ ಚೆಂಡುಗಳು ಎರಡು ಸಾವಿರಕ್ಕೆ ಮೇಲ್ಪಟ್ಟು ಬೀಳುವುದುಂಟು. ಹೀಗಿರಲು, ಕೋಟಿಗಟ್ಟಲೆ ಚೆಂಡುಗಳು ಹುಟ್ಟಿದ ನಿಮೇಷದಲ್ಲಿಯೇ ಅಳಿದುಹೋಗುತ್ತಿರುವಾಗ, ಬೆರಳೆಣಿಕೆಯ ಕೆಲವು ಮಾತ್ರ ಜನರ ನಾಲಗೆಯ ಮೇಲೆ ಉಳಿದುಕೊಂಡಿರುವುದಕ್ಕೆ ಕಾರಣವೇನು?

ಕೈಚಳಕವೇ ಕಾರಣವೆಂಬುದು ಮೊದಲು ಹೊಳೆಯುವ ಉತ್ತರ. ಇದಕ್ಕೆ ನಿದರ್ಶನವಾಗಿ ಎಲ್ಲರೂ ಹೇಳುವುದು ಆಸ್ಟ್ರೇಲಿಯದ ಶೇನ್ ವಾರ್ನರು 1993ನೆಯ ಇಸವಿ ಜೂನ್ 4ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿರುವ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ ಎಸೆದ ಚೆಂಡನ್ನು. ಆಟವನ್ನು ಅಷ್ಟಾಗಿ ಅರಿಯದ ವಾಚಕರಿಗಾಗಿ ಒಂದು ಮಾತು. ಬಲಗೈ ದಾಂಡಿಗನ ಕಾಲಿನ ಕಡೆಯಿಂದ ಎದುರುಬದಿಗೆ, ಅಂದರೆ ಆಫ್ ಕಡೆಗೆ, ನೆಲ ಮುಟ್ಟಿದೊಡನೆ ತಿರುಗುವಂತೆ ಮಣಿಕಟ್ಟನ್ನು ಹೊರಳಿಸಿ ಎಸೆಯುವುದಕ್ಕೆ ಲೆಗ್ ಬ್ರೇಕ್ ಎಂದು ಹೆಸರು. ಅಂದು ವಾರ್ನರಿಗೆ ವಯಸ್ಸು 23. ಇಂಗ್ಲೆಂಡಿನ ವಿರುದ್ಧ ಟೆಸ್ಟ್ ಪಂದ್ಯದಲ್ಲಿ ಅದು ಅವರ ಮೊಟ್ಟಮೊದಲ ಎಸೆತ. ಎದುರಿಗೆ ನಿಂತವರು ಮೈಕ್ ಗ್ಯಾಟಿಂಗರು. ತಿರುಗುವ ಚೆಂಡನ್ನು ಆಡುವುದರಲ್ಲಿ ಪಳಗಿದವರು. ಚೆಂಡು ನೇರವಾಗಿ ಹೊರಟು, ಗಾಳಿಯಲ್ಲಿಯೇ ಕಾಲಿನ ಕಡೆಗೆ ಸರಿದು, ಲೆಗ್ ಗೂಟದ ಆಚೆಗೆ ನೆಲವನ್ನು ಮುಟ್ಟಿತು. ಅಲ್ಲಿಂದ ಥಟ್ಟನೆ ತಿರುಗಿ ದಾಂಡನ್ನು ದಾಟಿ ಆಫ್ ಗೂಟದ ತುದಿಯನ್ನು ತಾಗಿತು. ಏನು ನಡೆಯಿತೆಂದು ತಿಳಿಯದೆ ಗ್ಯಾಟಿಂಗರು ನಿಂತಲ್ಲಿಯೇ ಕೆಲವು ಕ್ಷಣ ನಿಂತುಬಿಟ್ಟರು. ಜನರು ಅದಕ್ಕೆ ಶತಮಾನದ ಎಸೆತವೆಂದು ಹೆಸರಿಟ್ಟರು. ವಾರ್ನರು ಮುಂದೆ ಟೆಸ್ಟ್ ಪಂದ್ಯಗಳಲ್ಲಿ 708 ವಿಕೆಟ್ಟುಗಳನ್ನು ಪಡೆದರು. 2022ರ ಮಾರ್ಚ್ 4ರಂದು ಅವರು ತೀರಿಕೊಂಡಾಗ ಜಗತ್ತಿನ ಪತ್ರಿಕೆಗಳೆಲ್ಲ ಮತ್ತೆ ನೆನೆದದ್ದು ಆ ಒಂದು ಚೆಂಡನ್ನೇ.

ಆದರೆ ಕೈಚಳಕವೊಂದೇ ಸಾಲದೆಂಬುದಕ್ಕೆ ಇನ್ನೊಂದು ಚೆಂಡು ಸಾಕ್ಷಿಯಾಗಿದೆ. 1948ನೆಯ ಇಸವಿ ಆಗಸ್ಟ್ 14ರಂದು ಲಂಡನ್ನಿನ ಓವಲ್ ಮೈದಾನದಲ್ಲಿ ಡೊನಾಲ್ಡ್ ಬ್ರಾಡ್‌ಮನ್ನರು ತಮ್ಮ ಕಡೆಯ ಟೆಸ್ಟ್ ಪಂದ್ಯವನ್ನಾಡಲು ಬಂದರು. ಇನ್ನು ನಾಲ್ಕೇ ನಾಲ್ಕು ರನ್ನುಗಳು ಬಂದಿದ್ದರೆ ಅವರ ಸರಾಸರಿಯು ಸರಿಯಾಗಿ ನೂರಾಗುತ್ತಿದ್ದಿತು. ಇಂಗ್ಲೆಂಡಿನ ಆಟಗಾರರು ಸುತ್ತ ನಿಂತು ನಾಯಕ ಯಾರ್ಡ್ಲಿಯವರೊಡನೆ ಮೂರು ಸಲ ಜಯಕಾರ ಮಾಡಿ ಆ ಹಿರಿಯನನ್ನು ಗೌರವಿಸಿದರು. ಎರಿಕ್ ಹಾಲೀಸರು ಎಸೆದ ಮೊದಲನೆಯ ಚೆಂಡನ್ನು ಬ್ರಾಡ್‌ಮನ್ನರು ತಡೆದರು. ಎರಡನೆಯದು ಗೂಗ್ಲಿ. ಅಂದರೆ ಲೆಗ್ ಬ್ರೇಕಿನ ವೇಷದಲ್ಲಿಯೇ ಬಂದು ವಿರುದ್ಧ ದಿಕ್ಕಿಗೆ ತಿರುಗುವ ಎಸೆತ. ನಮ್ಮ ಆಲಂಕಾರಿಕರು ಹೇಳುವ ಶ್ಲೇಷೆಯಂತೆ ಇದಕ್ಕೂ ಎರಡರ್ಥ: ದಾಂಡಿಗನು ಒಂದನ್ನು ಹಿಡಿಯುವಷ್ಟರಲ್ಲಿ ಚೆಂಡು ಇನ್ನೊಂದನ್ನು ಹೇಳಿ ಮುಗಿಸಿರುತ್ತದೆ. ಈ ಚೆಂಡು ದಾಂಡಿನ ಒಳ ಅಂಚನ್ನು ಸವರಿ ಗೂಟಕ್ಕೆ ಬಡಿಯಿತು. ಬ್ರಾಡ್‌ಮನ್ನರು ಸೊನ್ನೆಗೆ ಹಿಂದಿರುಗಿದರು. ಇಂಗ್ಲೆಂಡು ಮೊದಲನೆಯ ಸರದಿಯಲ್ಲಿ 52 ರನ್ನುಗಳಿಗೇ ಕುಸಿದಿದ್ದುದರಿಂದ ಆಸ್ಟ್ರೇಲಿಯವು ಒಂದೇ ಸರದಿಯಾಡಿ ಗೆದ್ದಿತು. ಅವರಿಗೆ ಮತ್ತೆ ಆಡುವ ಅವಕಾಶವೇ ಬರಲಿಲ್ಲ. 6996 ರನ್ನುಗಳು, 99.94ರ ಸರಾಸರಿ. ಅಂಕಗಣಿತದಲ್ಲಿ ಇಷ್ಟು ಪ್ರಸಿದ್ಧವಾದ ಕೊರತೆ ಇನ್ನೊಂದಿರಲಾರದು.

ಹಾಲೀಸರು ಅಂತಹ ಗೂಗ್ಲಿಗಳನ್ನು ತಮ್ಮ ಜೀವಮಾನದಲ್ಲಿ ಎಷ್ಟೋ ಎಸೆದಿರಬೇಕು. ಅವುಗಳಲ್ಲಿ ಒಂದನ್ನು ಅಮರವಾಗಿ ಮಾಡಿದ್ದು ಸಂದರ್ಭ. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಗಂಟು ಹಾಕುವ ಕಾಕತಾಳೀಯ ನ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾವು ತರಗತಿಯಲ್ಲಿ ಕೊಟ್ಟದ್ದಿಲ್ಲ. ಅದೇ ವಿಧಿಯು ಬ್ರಾಡ್‌ಮನ್ನರಿಗೆ ತಪ್ಪಿಸಿದ್ದನ್ನು ಸಿಂಹಳದ ಮುರಳೀಧರನ್ನರಿಗೆ ಕೈಯಾರೆ ಕೊಟ್ಟಿತು: 2010ರ ಜುಲೈ 22ರಂದು ಗಾಲೆಯಲ್ಲಿ ಅವರು ಟೆಸ್ಟ್ ಪಂದ್ಯಗಳಲ್ಲಿ ಎಸೆದ ಕಟ್ಟಕಡೆಯ ಚೆಂಡಿಗೇ ಎಂಟುನೂರನೆಯ ವಿಕೆಟ್ಟು ದೊರೆಯಿತು.

ಕೈಚಳಕವೂ ಸಂದರ್ಭವೂ ಕೂಡಿದ ಚೆಂಡೊಂದು ನಮ್ಮ ನಾಡಿನವರ ಕೈಯಿಂದ ಹೊರಟಿರುವುದನ್ನು ಹೇಳದೆ ಮುಂದಕ್ಕೆ ಹೋಗಲಾಗದು. ಮೈಸೂರಿನಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರರಿಗೆ ಬಾಲ್ಯದಲ್ಲಿ ಪೋಲಿಯೋ ತಗಲಿ ಬಲಗೈ ಸೊರಗಿತು. ದೂರದಿಂದ ಚೆಂಡನ್ನು ಹಿಂದಿರುಗಿಸಬೇಕಾದಾಗ ಅವರು ಎಡಗೈಯನ್ನು ಬಳಸುತ್ತಿದ್ದರು. ಬೌಲ್ ಮಾಡುವುದಕ್ಕೆ ಮಾತ್ರ ಆ ಸೊರಗಿದ ಬಲಗೈಯೇ. 1932ರಿಂದ 39 ವರ್ಷಗಳ ಕಾಲ ಇಂಗ್ಲೆಂಡಿನ ನೆಲದಲ್ಲಿ ಒಂದು ಟೆಸ್ಟನ್ನೂ ಗೆಲ್ಲದಿದ್ದ ಭಾರತವು 1971ರ ಆಗಸ್ಟಿನಲ್ಲಿ ಅದೇ ಓವಲ್ ಮೈದಾನಕ್ಕೆ ಬಂದಿತು. ಇಂಗ್ಲೆಂಡಿನ ಎರಡನೆಯ ಸರದಿಯಲ್ಲಿ ಜಾನ್ ಎಡ್ರಿಚ್ಚರು ಎದುರಿಗಿದ್ದಾಗ, ದಿಲೀಪ್ ಸರ್ದೇಸಾಯಿಯವರು ಚಂದ್ರಶೇಖರರಿಗೆ ‘ಮಿಲ್ ರೀಫ್’ ಎಂದು ಸೂಚನೆ ಕೊಟ್ಟರಂತೆ. ಆ ವರ್ಷ ಇಂಗ್ಲೆಂಡಿನ ಡರ್ಬಿ ಜೂಜಿನಲ್ಲಿ ಗೆದ್ದ ಕುದುರೆಯ ಹೆಸರದು. ವೇಗದ ಚೆಂಡನ್ನು ಎಸೆಯೆಂಬುದು ಅದರ ಸಂಕೇತ. ಚೆಂಡು ಬಂದಿತು, ಎಡ್ರಿಚ್ಚರ ದಾಂಡು ಕೆಳಗಿಳಿಯುವ ಮೊದಲೇ ಗೂಟ ಹಾರಿತು. ಮರುಚೆಂಡಿಗೆ ಕೀತ್ ಫ್ಲೆಚರರು ಸೋಲ್ಕರರಿಗೆ ಕ್ಯಾಚಿತ್ತು ಹೋದರು. ಇಂಗ್ಲೆಂಡು 101ಕ್ಕೆ ಮುಗಿಯಿತು. ಚಂದ್ರಶೇಖರರಿಗೆ 38 ರನ್ನುಗಳಿಗೆ ಆರು ವಿಕೆಟ್ಟು. ಆಗಸ್ಟ್ 24ರಂದು, ಗಣೇಶ ಚತುರ್ಥಿಯ ದಿನವೇ, ಭಾರತವು ನಾಲ್ಕು ವಿಕೆಟ್ಟುಗಳಿಂದ ಗೆದ್ದಿತು. ಯಾವ ಕೈಯನ್ನು ನೋಡಿ ಬಂಧುಗಳು ಮರುಗಿರಬೇಕೋ ಆ ಕೈಯೇ ದೇಶದ ಕೈಯಾಯಿತು. ಮಕ್ಕಳಲ್ಲಿ ಊನವನ್ನು ಮಾತ್ರ ಎಣಿಸುವ ಹಿರಿಯರು ಈ ಚೆಂಡನ್ನು ಆಗಾಗ ನೆನೆಯುವುದು ಒಳ್ಳೆಯದು.

ಇಲ್ಲಿಯವರೆಗೆ ಕೀರ್ತಿಯಾಯಿತು. ಆದರೆ ಜನರ ನೆನಪು ಅಪಕೀರ್ತಿಯನ್ನೂ ಅಷ್ಟೇ ಜೋಪಾನವಾಗಿ ಇಟ್ಟುಕೊಳ್ಳುತ್ತದೆ. 1981ನೆಯ ಇಸವಿ ಫೆಬ್ರವರಿ 1ರಂದು ಮೆಲ್ಬರ್ನಿನಲ್ಲಿ ಆಸ್ಟ್ರೇಲಿಯಕ್ಕೂ ನ್ಯೂಜಿಲೆಂಡಿಗೂ ಒಂದು ದಿನದ ಪಂದ್ಯ. ಕಡೆಯ ಚೆಂಡು ಮಾತ್ರ ಉಳಿದಿದೆ. ಪಂದ್ಯವನ್ನು ಸಮಮಾಡಲು ನ್ಯೂಜಿಲೆಂಡಿಗೆ ಆರು ರನ್ನುಗಳು ಬೇಕು. ಆಸ್ಟ್ರೇಲಿಯದ ನಾಯಕ ಗ್ರೆಗ್ ಚಾಪೆಲರು. ಬೌಲರು ಅವರ ಸ್ವಂತ ತಮ್ಮ ಟ್ರೆವರ್ ಚಾಪೆಲರು. ಅಣ್ಣನು ತಮ್ಮನನ್ನು ಕರೆದು, ಕೈಯನ್ನು ಮೇಲೆತ್ತದೆ ಚೆಂಡನ್ನು ನೆಲದ ಮೇಲೆಯೇ ಉರುಳಿಸಬೇಕೆಂದು ಆಜ್ಞಾಪಿಸಿದನು. ಉರುಳುವ ಚೆಂಡನ್ನು ಗಡಿಯಾಚೆ ಎತ್ತಿ ಹೊಡೆಯುವುದು ಸಾಧ್ಯವಿಲ್ಲವಷ್ಟೆ. ತಮ್ಮನು ಉರುಳಿಸಿದನು. ಎದುರಿಗಿದ್ದ ಬ್ರಯನ್ ಮೆಕೆಕ್ನಿಯವರು ಅದನ್ನು ತಡೆದು, ದಾಂಡನ್ನು ಬಿಸುಟರು. ಆಸ್ಟ್ರೇಲಿಯ ಗೆದ್ದಿತು.

ನಿಯಮದ ಪ್ರಕಾರ ತಪ್ಪೇನೂ ಇರಲಿಲ್ಲ. ಈ ಆಟವು ಹುಟ್ಟಿದಾಗ ಎಲ್ಲರೂ ಕೆಳಗೈಯಿಂದಲೇ ಎಸೆಯುತ್ತಿದ್ದರು. ಕೈಯನ್ನು ಭುಜದ ಮೇಲೆತ್ತಿ ಎಸೆಯುವುದಕ್ಕೆ ಅನುಮತಿ ದೊರೆತದ್ದು 1864ರಲ್ಲಿ. ಆ ಪಂದ್ಯದ ನಿಯಮಗಳಲ್ಲಿ ಹಳೆಯ ರೀತಿಗೆ ನಿಷೇಧವಿರಲಿಲ್ಲ. ಆದರೆ ನಿಷೇಧವಿಲ್ಲದ ಮಾತ್ರಕ್ಕೆ ಒಂದು ಕಾರ್ಯವು ಮಾಡತಕ್ಕದ್ದಾಗುವುದೇ? ಗ್ರಂಥವು ಸುಮ್ಮನಿರುವ ಕಡೆಗಳಲ್ಲಿ ಶಿಷ್ಟರ ಆಚಾರವೇ ಪ್ರಮಾಣವೆಂದು ನಮ್ಮ ಶಾಸ್ತ್ರಕಾರರು ಒಪ್ಪಿದ್ದಾರೆ. ಮೆಲ್ಬರ್ನಿನ ಪ್ರೇಕ್ಷಕರು ಮೀಮಾಂಸೆಯನ್ನು ಓದಿದವರಲ್ಲ. ಆದರೂ ತಮ್ಮ ದೇಶವೇ ಗೆದ್ದಿದ್ದರೂ ಅವರಲ್ಲಿ ಎಷ್ಟೋ ಮಂದಿ ಧಿಕ್ಕಾರ ಕೂಗಿದರು. ಎರಡೂ ದೇಶಗಳ ಪ್ರಧಾನಮಂತ್ರಿಗಳು ಈ ಕೃತ್ಯವನ್ನು ಖಂಡಿಸಿದರು. ಆ ಸಹೋದರರಿಗೆ ಹಿರಿಯಣ್ಣನೂ ಹಿಂದಿನ ನಾಯಕನೂ ಆದ ಇಯಾನ್ ಚಾಪೆಲರು ಸಹ ತಮ್ಮಂದಿರ ಪಕ್ಷವನ್ನು ವಹಿಸದೆ ಬಹಿರಂಗವಾಗಿ ಆಕ್ಷೇಪಿಸಿದರು. ಅನಂತರ ಅಂತಹ ಎಸೆತವನ್ನು ನಿಯಮದಲ್ಲಿಯೇ ನಿಷೇಧಿಸಲಾಯಿತು.

ಇದರಲ್ಲಿ ನಮ್ಮ ಮನಸ್ಸನ್ನು ಹೆಚ್ಚಾಗಿ ಕಲಕುವ ಅಂಶವೊಂದುಂಟು. ಆಜ್ಞೆಯನ್ನು ಕೊಟ್ಟವನು ಅಣ್ಣ. ಆತನು ಜಗದ್ವಿಖ್ಯಾತ ದಾಂಡಿಗನಾದುದರಿಂದ ಆತನನ್ನು ನೆನೆಯಲು ಬೇರೆ ಕಾರಣಗಳು ಬೇಕಾದಷ್ಟಿವೆ. ತಮ್ಮನನ್ನಾದರೋ ಲೋಕವು ನೆನೆಯುವುದು ಆ ಒಂದು ಚೆಂಡಿನಿಂದಲೇ. ಹಿರಿಯರು ಒಂದು ನಿಮೇಷದ ಆತುರದಲ್ಲಿ ಕೊಟ್ಟ ಅಪ್ಪಣೆಯ ಭಾರವನ್ನು ಕಿರಿಯರು ಜೀವಮಾನವೆಲ್ಲ ಹೊರಬೇಕಾಗುತ್ತದೆ. “ಕಾನೂನಿನಲ್ಲಿ ಅಡ್ಡಿಯಿಲ್ಲ, ಮಾಡಿಬಿಡು” ಎಂಬ ಮಾತನ್ನು ನಾವು ಮನೆಗಳಲ್ಲಿ ಎಷ್ಟು ಸುಲಭವಾಗಿ ಆಡಿಬಿಡುತ್ತೇವೆ! ಆಸ್ತಿಯ ಪಾಲಿನಲ್ಲಿ, ಅಂಗಡಿಯ ಲೆಕ್ಕದಲ್ಲಿ, ಪರೀಕ್ಷೆಯ ಅಂಕಗಳಲ್ಲಿ ಮಗನ ಕೈಯಿಂದ ಇಂತಹ ಚೆಂಡನ್ನು ಉರುಳಿಸುವ ತಂದೆಯರನ್ನು ನಾವು ಉಪಾಧ್ಯಾಯ ವೃತ್ತಿಯಲ್ಲಿ ಕಂಡಿದ್ದೇವೆ. ಹಿರಿಯರ ಮಾತನ್ನು ಕೇಳಬೇಕೆಂದು ಮಕ್ಕಳಿಗೆ ಬೋಧಿಸುವ ನಾವು, ಕೇಳಿದರೆ ಕೆಡಕಾಗದಂತಹ ಮಾತನ್ನೇ ಆಡಬೇಕೆಂಬುದನ್ನು ನಮಗೆ ನಾವೇ ಬೋಧಿಸಿಕೊಳ್ಳುವುದು ಅವಶ್ಯಕ.

ಇನ್ನು ಎಸೆಯದ ಚೆಂಡಿನ ಕಥೆ. 1987ರ ವಿಶ್ವಕಪ್ಪಿನಲ್ಲಿ, ಅಕ್ಟೋಬರ್ 16ರಂದು, ಲಾಹೋರಿನಲ್ಲಿ ಪಾಕಿಸ್ತಾನಕ್ಕೂ ವೆಸ್ಟ್ ಇಂಡೀಸಿಗೂ ಪಂದ್ಯ. ಇಲ್ಲಿಯೂ ಕಡೆಯ ಚೆಂಡು. ಪಾಕಿಸ್ತಾನದ ಕಡೆಯ ಜೋಡಿ ಕ್ರೀಸಿನಲ್ಲಿದೆ. ಗೆಲ್ಲಲು ಎರಡು ರನ್ನುಗಳು ಬೇಕು. ಕೋರ್ಟ್ನಿ ವಾಲ್ಷರು ಓಡಿ ಬಂದರು. ಅವರ ಪಕ್ಕದಲ್ಲಿ ನಿಂತಿದ್ದ ಸಲೀಂ ಜಾಫರರು, ಚೆಂಡು ಕೈಬಿಡುವ ಮೊದಲೇ ಗೆರೆಯನ್ನು ದಾಟಿ ಮುಂದಕ್ಕೆ ಹೊರಟಿದ್ದರು. ವಾಲ್ಷರು ಗೂಟದ ಮೇಲಿನ ಬೇಲುಗಳನ್ನು ಉರುಳಿಸಿದ್ದರೆ ಪಂದ್ಯವು ಆ ಕ್ಷಣವೇ ಮುಗಿದು ವೆಸ್ಟ್ ಇಂಡೀಸಿಗೆ ಜಯವಾಗುತ್ತಿದ್ದಿತು. ಅವರು ಉರುಳಿಸಲಿಲ್ಲ, ನಿಂತು, ಎಚ್ಚರಿಸಿ, ಹಿಂದಿರುಗಿ ನಡೆದರು. ಮತ್ತೆ ಬಂದು ಎಸೆದ ಚೆಂಡಿಗೆ ಅಬ್ದುಲ್ ಕಾದಿರರು ಎರಡು ರನ್ನುಗಳನ್ನು ಪಡೆದು ಪಂದ್ಯವನ್ನು ಗೆದ್ದರು. ಹಿಂದಿನ ಮೂರು ವಿಶ್ವಕಪ್ಪುಗಳಲ್ಲಿಯೂ ಅಂತಿಮ ಪಂದ್ಯವನ್ನಾಡಿದ್ದ ವೆಸ್ಟ್ ಇಂಡೀಸು ಆ ಸಲ ಉಪಾಂತ್ಯವನ್ನೂ ಮುಟ್ಟಲಿಲ್ಲ.

ಇಲ್ಲಿ ಒಂದು ಶಂಕೆಗೆ ಸಮಾಧಾನ ಹೇಳಬೇಕು. ಹಾಗೆ ಔಟ್ ಮಾಡುವುದು ಅಧರ್ಮವೇ? ಅಲ್ಲ. 1947ರ ಡಿಸೆಂಬರಿನಲ್ಲಿ ಸಿಡ್ನಿಯಲ್ಲಿ ನಮ್ಮ ವಿನೂ ಮಂಕಡರು ಬಿಲ್ ಬ್ರೌನರನ್ನು ಹೀಗೆಯೇ ಔಟ್ ಮಾಡಿದಾಗ, ಎದುರು ಪಕ್ಷದ ನಾಯಕರಾದ ಬ್ರಾಡ್‌ಮನ್ನರೇ ಮಂಕಡರಲ್ಲಿ ತಪ್ಪಿಲ್ಲವೆಂದರು. 2022ರಿಂದ ಇದನ್ನು ಅನುಚಿತ ಆಟದ ಪ್ರಕರಣದಿಂದ ತೆಗೆದು ಸಾಮಾನ್ಯ ರನ್ ಔಟಿನ ಪ್ರಕರಣಕ್ಕೆ ಸೇರಿಸಿಯೂ ಇದ್ದಾರೆ. ಮುಂದಾಗಿ ಓಡುವವನದೇ ದೋಷ. ಆದುದರಿಂದ ವಾಲ್ಷರು ಔಟ್ ಮಾಡಿದ್ದರೆ ಅದು ನ್ಯಾಯವಾಗುತ್ತಿದ್ದಿತು. ಮಾಡದೆ ಬಿಟ್ಟದ್ದು ಔದಾರ್ಯವಾಯಿತು. ನ್ಯಾಯವನ್ನು ಎಲ್ಲರಿಂದಲೂ ಕೇಳಬಹುದು, ಔದಾರ್ಯವನ್ನು ಯಾರಿಂದಲೂ ಕೇಳುವಂತಿಲ್ಲ. ಅದು ತಾನಾಗಿ ಬಂದಾಗಲೇ ಅದಕ್ಕೆ ಬೆಲೆ.

ಇದರ ಜಾತಿಗೆ ಸೇರಿದ ಇನ್ನೊಂದು ಪ್ರಸಂಗ ನಮ್ಮವರದೇ. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಅನಿಲ್ ಕುಂಬ್ಳೆಯವರು ಪಾಕಿಸ್ತಾನದ ಒಂದೇ ಸರದಿಯಲ್ಲಿ ಒಂಬತ್ತು ವಿಕೆಟ್ಟುಗಳನ್ನು ಪಡೆದಿದ್ದರು. ಇನ್ನೊಂದು ತುದಿಯಿಂದ ಎಸೆಯುವ ಸರದಿ ಮೈಸೂರಿನ ಜಾವಗಲ್ ಶ್ರೀನಾಥರದು. ಗೆಲುವು ಕೈಗೆ ಬಂದಿದ್ದುದರಿಂದ ಶ್ರೀನಾಥರು ಗೂಟಗಳಿಂದ ದೂರದೂರಕ್ಕೆ ಚೆಂಡನ್ನೆಸೆದು, ಹತ್ತನೆಯ ವಿಕೆಟ್ಟನ್ನು ಗೆಳೆಯನಿಗಾಗಿ ಉಳಿಸಿಟ್ಟರು. ಮುಂದಿನ ಓವರಿನಲ್ಲಿ ವಾಸಿಂ ಅಕ್ರಮರು ಲಕ್ಷ್ಮಣರ ಕೈಗೆ ಕ್ಯಾಚಿತ್ತರು. ಕುಂಬ್ಳೆಯವರಿಗೆ 74 ರನ್ನುಗಳಿಗೆ ಹತ್ತಕ್ಕೆ ಹತ್ತು. ಲೆಕ್ಕದ ಪುಸ್ತಕದಲ್ಲಿ ಶ್ರೀನಾಥರ ಆ ಚೆಂಡುಗಳಿಗೆ ಯಾವ ಬೆಲೆಯೂ ಇಲ್ಲ. ಕನ್ನಡಿಗರಾದರೋ ಅವನ್ನು ಮರೆತಿಲ್ಲ.

ವಾಲ್ಷರು ಮುಂದೆ ಟೆಸ್ಟ್ ಪಂದ್ಯಗಳಲ್ಲಿ 519 ವಿಕೆಟ್ಟುಗಳನ್ನು ಪಡೆದು, ಆ ಕಾಲಕ್ಕೆ ಎಲ್ಲರಿಗಿಂತ ಮುಂದಿದ್ದರು. ಆದರೂ ಅವರ ಹೆಸರನ್ನು ಹೇಳಿದೊಡನೆ ಹಳಬರು ಮೊದಲು ಪ್ರಸ್ತಾಪಿಸುವುದು ಲಾಹೋರಿನಲ್ಲಿ ಅವರು ಪಡೆಯದೆ ಬಿಟ್ಟ ಆ ಒಂದು ವಿಕೆಟ್ಟನ್ನು. ಮನೆಯ ಮಕ್ಕಳು ಈ ವಿಷಯವನ್ನು ಎತ್ತಿದಾಗ ವಾರ್ನರ ಚೆಂಡನ್ನು ಅವರೇ ನಮಗೆ ವರ್ಣಿಸಿ ಹೇಳುತ್ತಾರೆ. ಅದನ್ನು ಸಂತೋಷದಿಂದ ಕೇಳೋಣ. ಉರುಳಿದ ಚೆಂಡಿನ ಕಥೆಯನ್ನೂ ಎಸೆಯದ ಚೆಂಡಿನ ಕಥೆಯನ್ನೂ ಅವರಿಗೆ ಹೇಳುವ ಕೆಲಸ ಮಾತ್ರ ನಮ್ಮದು.